ಒಲೆಯ ಮುಂದೆ ಕೂತವಳು

ಬೆಟ್ಟದಡಿ, ಗೂಡಲೂರು ಅಂಚೆ
8–3–1964

ನಾಗೂ,

ಮದುವೆಯಾಗಿ ಎರಡು ತಿಂಗಳಾಯಿತು, ಅಕ್ಕನಿಗೆ ಒಂದು ಕಾರ್ಡು ಗೀಚಲು ನಿನಗೆ ಕೈ ಬರಲಿಲ್ಲ. ಇರಲಿ, ನಾನೇ ಸೋತೆ. ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅಜ್ಜ ಬೆರಳು ಹಿಡಿದು ಮರಳಿನ ಮೇಲೆ ತಿದ್ದಿಸಿದ ಅಕ್ಷರ ನಿನಗೆ, ನನಗೆ, ಅವ್ವನಿಗೆ ಬಿಟ್ಟರೆ ತಮಿಳು ಓದುವ ಈ ಕಂಬಂ ಕಣಿವೆಯಲ್ಲಿ ಯಾರಿಗೆ ಬರುತ್ತದೆ? ನಿಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಆಡುವವರೇ, ಓದುವವರು ಒಬ್ಬರೂ ಇಲ್ಲ. ಅತ್ತೆಯನ್ನು ಧಾರಾಳವಾಗಿ ಬೈದು ಬರಿ.

ಮದುವೆಯ ದಿನ ನನ್ನ ಕೆಲಸ ಕೇಳಿದ್ದೆಯಲ್ಲ. ಗ್ರಾಮಸೇವಿಕೆ ಅಂದರೆ ಜೀಪಿನಲ್ಲಿ ಓಡಾಡುವವಳು ಅಂತ ನಮ್ಮ ಚಿನ್ನಮನೂರಿನವರು ತಿಳಿದಿದ್ದಾರೆ. ನನಗೆ ಸಿಕ್ಕಿರುವುದು ಒಂದು ಕೋಣೆ, ಒಂದು ಲಾಂದ್ರ, ಬೆಟ್ಟದಡಿಯ ಪಳಿಯರೆಂಬ ಕಾಡುಜನರ ಗುಡಿಸಲುಗಳು. ಮಕ್ಕಳಿಗೆ ಸ್ನಾನ ಮಾಡಿಸಿ, ಗಂಜಿ ಬೇಯಿಸಿ ಅಂತ ಹೇಳುವುದು ಬೆಳಗಿನ ಕೆಲಸ. ಶನಿವಾರ ಮಧ್ಯಾಹ್ನ ಹುಣಸೆ ಮರದಡಿ ಹುಡುಗಿಯರ ಕೂಟ. ಏಲಕ್ಕಿ ತೋಟಗಳಿಂದ ಬರುವ ಮೇಸ್ತ್ರಿಗಳು ಬಳೆ ತೋರಿಸಿ, ರಿಬ್ಬನ್ ತೋರಿಸಿ ಇಲ್ಲಿಯ ಹುಡುಗಿಯರನ್ನು ಕರೆದೊಯ್ಯುತ್ತಾರೆ. ಅಂಥವನ ಜೊತೆ ಹೋಗಬಾರದು, ಗಂಡು ಅಂದರೆ ಹೇಗಿರಬೇಕು, ಹೆಣ್ಣನ್ನು ಹೇಗೆ ನೋಡಿಕೊಳ್ಳಬೇಕು, ಇದೆಲ್ಲ ನಾನು ಹೇಳಿಕೊಡಬೇಕು. ಮದುವೆ ಬೇಡ ಅಂತ ಮನೆ ಬಿಟ್ಟು ಬಂದವಳ ಕೈಗೆ ಈ ಪಾಠ ಕೊಟ್ಟಿದ್ದಾರೆ ನೋಡು!

ಮೊನ್ನೆ ನಾನು ಗಂಭೀರವಾಗಿ ಕೇಳಿದೆ: "ಗಂಡ ಹೊಡೆದರೆ ಏನು ಮಾಡಬೇಕು?" ಎಲ್ಲರೂ ಮುಖ ಮುಖ ನೋಡಿಕೊಂಡರು. ಪೊನ್ನುತಾಯಿ ಅಂತ ಒಬ್ಬಳಿದ್ದಾಳೆ, ನಿನ್ನಷ್ಟೇ ಬಾಯಿ. "ಹೊಡೆದ್ರೆ ಎದ್ದು ಹೋಗೋದು, ಟೀಚರಮ್ಮ" ಅಂದಳು. ಎಲ್ಲಿಗೆ ಅಂದೆ. "ಇನ್ನೊಂದು ಒಲೆ ಹತ್ರ. ಹೋಗಿ ಕುಂತ್ಕೊಳ್ಳೋದು. ಇದನ್ನೂ ಕೇಳ್ತಾರಾ?" ಅಂತ ಬಿದ್ದು ಬಿದ್ದು ನಕ್ಕಳು. ನಿಜವಂತೆ ಕಣೇ. ಇವರಲ್ಲಿ ಗಂಡ ಕೈ ಎತ್ತಿದರೆ ಹೆಂಗಸು ಜಗಳವಾಡುವುದಿಲ್ಲ, ಅಳುವುದೂ ಇಲ್ಲ. ಎದ್ದು ಬೇರೆಯವರ ಒಲೆಯ ಮುಂದೆ ಕೂತುಬಿಡುತ್ತಾಳೆ. ಅಷ್ಟಕ್ಕೇ ಮುಗಿಯಿತು. ಪುಸ್ತಕ ಮಡಚಿಟ್ಟು ನಾನೂ ನಕ್ಕೆ.

ಅಳಗರ್ ಬಾವ ಹೇಗಿದ್ದಾರೆ? ಅತ್ತೆ ಮಗ, ಹಕ್ಕಿನ ಗಂಡು, ದೊಡ್ಡವಳಾದ ನನ್ನನ್ನೇ ಕಟ್ಟಿಕೊಳ್ಳಬೇಕಿತ್ತು. ನಾನು ಒಲ್ಲೆ ಅಂದಿದ್ದಕ್ಕೆ ನಿನ್ನನ್ನು ಕೂರಿಸಿದರು. ನನ್ನ ಮೇಲೆ ಕೋಪವಿದ್ದರೆ ಅದನ್ನೂ ಬರಿ, ಮನಸ್ಸಲ್ಲಿ ಇಟ್ಟುಕೊಳ್ಳಬೇಡ.

ನಿನ್ನ ಜಗಳಗಂಟಿ ಅಕ್ಕ,
ಜೆಯಲಕ್ಷ್ಮಿ


ಕಂಬಂ
29–3–1964

ಅಕ್ಕಾ,

ಕೋಪವೇನೂ ಇಲ್ಲ. ನಿನಗೆ ಅಂತ ಅವ್ವ ತೆಗೆದಿಟ್ಟಿದ್ದ ಚಿನ್ನಾಳಪಟ್ಟಿ ಸೀರೆ ನನಗೆ ಸಿಕ್ಕಿತು, ಲಾಭವೇ. ಉಟ್ಟರೆ ನಾನೇ ಚೆನ್ನಾಗಿ ಕಾಣುತ್ತೇನೆ ಅಂತ ಎದುರುಮನೆಯವರು ಹೇಳಿದರು. ನೀನು ಕಪ್ಪು.

ಇಲ್ಲಿ ಎಲ್ಲ ಚೆನ್ನಾಗಿದ್ದಾರೆ. ಅತ್ತೆ ಒಲೆ ಬಿಟ್ಟು ಏಳುವುದಿಲ್ಲ. "ಈ ಒಲೆ ನಂದು, ನಾ ಹೋದ್ಮೇಲೆ ನಿಂದು" ಅನ್ನುತ್ತಾರೆ. ನಾನು ಸೌದೆ ತರುವುದು, ನೀರು ಸೇದುವುದು, ಹಿಟ್ಟು ರುಬ್ಬುವುದು. ನಿನ್ನ ಬಾವನಿಗೆ ಸ್ವಲ್ಪ ಮುಂಗೋಪ. ಕೋಪ ಇರೋ ಕಡೆ ಗುಣ ಇರುತ್ತದೆ ಅನ್ನುತ್ತಾರಲ್ಲ, ಗುಣವೂ ಇದೆ. ಮೊನ್ನೆ ಸಾರಿಗೆ ಉಪ್ಪು ಹೆಚ್ಚಾಯಿತು ಅಂತ ತಟ್ಟೆ ಎಸೆದರು. ಗೋಡೆಗೆ ಬಿತ್ತು. ಗೋಡೆಗೆ ಏನೂ ಆಗಲಿಲ್ಲ.

ಉಪ್ಪು ಹಾಕಿದ್ದು ಅತ್ತೆ. ಅದನ್ನು ನಾನು ಹೇಳಲಿಲ್ಲ.

ಆ ಪಳಿಯರ ಹೆಂಗಸಿನ ಕಥೆ ಓದಿ ತುಂಬ ನಗು ಬಂತು. ಒಂದೆರಡು ವಿಷಯ ಕೇಳಿ ಬರಿ. ಎದ್ದು ಹೋಗುವಾಗ ಅವಳು ತನ್ನ ಪಾತ್ರೆ ಪಗಡ ತೆಗೆದುಕೊಂಡು ಹೋಗುತ್ತಾಳಾ, ಬರಿಗೈಯಲ್ಲಿ ಹೋಗುತ್ತಾಳಾ? ಆ ಒಲೆಯವರು ಯಾಕೆ ಬಂದೆ ಅಂತ ಕೇಳುವುದಿಲ್ಲವಾ? ಮಾರನೆಯ ದಿನ ಗಂಡ ಬಂದು ಕೂಗಾಡುವುದಿಲ್ಲವಾ? ಸುಮ್ಮನೆ ಕೇಳುತ್ತಿದ್ದೇನೆ. ಮಧ್ಯಾಹ್ನ ರುಬ್ಬುವಾಗ ಯೋಚನೆಗೆ ಏನಾದರೂ ಬೇಕಲ್ಲ.

ನಾಗಮ್ಮಾಳ್


ಬೆಟ್ಟದಡಿ
19–4–1964

ನಾಗೂ,

ಕಪ್ಪು ಅಂದೆಯಾ? ಬಾ, ಕಿವಿ ಹಿಂಡುತ್ತೇನೆ.

ನಿನ್ನ ಪ್ರಶ್ನೆಗಳನ್ನು ಪಳನಿಯಮ್ಮಾಳ್ ಅಜ್ಜಿಗೆ ಕೇಳಿದೆ. ಗುಡಿಸಲುಗಳಲ್ಲಿ ಹಿರಿಯಳು, ಪೊನ್ನುತಾಯಿಯ ಅಜ್ಜಿ. ಜೇನು ಸೋಸುತ್ತಾ ಹೇಳಿದಳು: "ಪಾತ್ರೆ ಯಾಕೆ ತಾಯಿ? ಹೋದ ಕಡೆ ಪಾತ್ರೆ ಇರಲ್ವಾ?" ಯಾಕೆ ಬಂದೆ ಅಂತ ಕೇಳುವುದಿಲ್ಲವಾ ಅಂದರೆ, "ಬಂದವಳಿಗೆ ತಿನ್ನಕ್ಕೆ ಕೊಡೋದು. ಹೊಟ್ಟೆ ತುಂಬಿದ್ಮೇಲೆ ಅವಳಿಗೇ ಹೇಳ್ಬೇಕು ಅನ್ಸಿದ್ರೆ ಹೇಳ್ತಾಳೆ. ಇಲ್ಲಾಂದ್ರೆ ಬೇಡ." ಗಂಡ ಬಂದು ಎಳೆದರೆ ಅಂದೆ. ಅಜ್ಜಿ ನನ್ನನ್ನು ಹುಚ್ಚಿಯ ಹಾಗೆ ನೋಡಿದಳು. "ಇನ್ನೊಬ್ರ ಒಲೆ ಮುಂದೆ ಕುಂತವಳನ್ನ ಯಾರು ಮುಟ್ತಾರೆ?" ಅಂದಳು. ಗಂಡನಾದವನು ದೂರದಲ್ಲಿ ಕೂತಿರುತ್ತಾನಂತೆ. ಬುದ್ಧಿ ಬಂದರೆ ಒಂದು ಗೆಣಸು ಅಗೆದು ತಂದು ಇಡುತ್ತಾನೆ. ಅವಳು ಮನಸ್ಸಿದ್ದರೆ ಹೋಗುತ್ತಾಳೆ, ಇಲ್ಲದಿದ್ದರೆ ಇಲ್ಲ.

ನೀನೇ ಒಮ್ಮೆ ಬಂದು ನೋಡು. ಗೂಡಲೂರಲ್ಲಿ ಬಸ್ಸಿಳಿದು ಕುಮುಳಿ ರಸ್ತೆ ಹಿಡಿ. ದೊಡ್ಡ ಬೂರುಗದ ಮರ ಸಿಗುತ್ತದೆ. ಅಲ್ಲಿ ಬಲಕ್ಕೆ ಕಾಲುದಾರಿ. ದಾರಿ ಮುಗಿದಲ್ಲಿ ಅಜ್ಜಿಯ ಗುಡಿಸಲು, ಅದರಾಚೆ ನನ್ನ ಕೋಣೆ. ಬಾವನನ್ನೂ ಕರೆದುಕೊಂಡು ಬಾ. ನಿನ್ನ ಕೈಯಲ್ಲಿ ಅಡುಗೆ ಮಾಡಿಸಿ ಉಣ್ಣಬೇಕು ಅಂತ ಆಸೆ.

ಆ ಗೋಡೆಗೆ ಏನೂ ಆಗಲಿಲ್ಲ ಅಂತ ಬರೆದಿದ್ದೀಯಲ್ಲ, ನಿನಗೆ?

ಜೆಯಲಕ್ಷ್ಮಿ


ಕಂಬಂ
21–6–1964

ಅಕ್ಕಾ,

ಉತ್ತರ ತಡವಾಯಿತು. ಬಲಗೈ ಮಣಿಕಟ್ಟು ಉಳುಕಿತ್ತು. ಬಾವಿಯ ಹಗ್ಗ ಎಳೆಯುವಾಗ ಆಯಿತು ಅಂತ ಅತ್ತೆ ಎಲ್ಲರಿಗೂ ಹೇಳಿದ್ದಾರೆ. ನೀನೂ ಹಾಗೇ ತಿಳಿದುಕೋ.

ಆಷಾಢ ಬರುತ್ತಿದೆ, ಇಲ್ಲಿಯವರ ಆಡಿ ಮಾಸ. ಮೊದಲ ಆಡಿಗೆ ಹೊಸ ಮದುವೆ ಹೆಣ್ಣನ್ನು ತವರಿಗೆ ಕರೆದೊಯ್ಯಬೇಕಲ್ಲ. ಅವ್ವನಿಗೆ ನೆನಪು ಮಾಡು. ಅವ್ವನೇ ಬಂದು ಕರೆಯಬೇಕು, ಕರೆಯದೆ ಕಳಿಸುವುದಿಲ್ಲ ಅನ್ನುತ್ತಿದ್ದಾರೆ. ಅವ್ವ ಕರೆಯಲು ಬಂದರೂ ಈ ವರ್ಷ ನಾಟಿ ಕೆಲಸ ಇದೆ, ಆಗುವುದಿಲ್ಲ ಅನ್ನಬಹುದು. ಆದರೂ ಬರಲಿ. ಬಂದು ಬಾಗಿಲಲ್ಲಿ ನಿಂತರೆ ಸಾಕು, ನಾನು ಹೊರಟುಬಿಡುತ್ತೇನೆ.

ನಿನ್ನ ಕೋಣೆಯಲ್ಲಿ ಒಲೆ ಇದೆಯಾ, ಸ್ಟೌ ಇದೆಯಾ? ಒಲೆಯಾದರೆ ಎಷ್ಟು ದೊಡ್ಡದು? ಅದರ ಪಕ್ಕ ಇಬ್ಬರು ಕೂರಬಹುದಾ?

ನಿನಗೆ ಯಾರೂ ಕೈ ಎತ್ತುವವರಿಲ್ಲ. ಒಳ್ಳೆಯದೇ ಮಾಡಿದೆ ಅಕ್ಕಾ. ಇದನ್ನು ಕುಟುಕಿ ಹೇಳುತ್ತಿಲ್ಲ, ನಿಜವಾಗಿ ಹೇಳುತ್ತಿದ್ದೇನೆ.

ನಾಗು


ಚಿನ್ನಮನೂರು
30–7–1964

ಲಕ್ಷ್ಮೀ,

ನಾಗು ಒಬ್ಬಳೇ ಬಂದ್ಬುಟ್ಲು. ಕರೀದೆ, ಗಂಡ ಇಲ್ದೆ, ಬರಿಗೈಲಿ. ಆಡಿ ಗಾಳಿಗೆ ಅರೆಯೋ ಅಮ್ಮಿಕಲ್ಲೂ ಹಾರ್ತದೆ ಅಂತಾರಲ್ಲ, ಹಂಗೆ ಬಂದು ಬಾಗಿಲಲ್ಲಿ ನಿಂತ್ಕೊಂಡ್ಲು. ಬೀದಿ ಜನ ಎಲ್ಲಾ ನೋಡ್ತಿದ್ರು. ಒಳಕ್ಕೆ ಕರೀಲಿಲ್ಲ. ಹೊರಗೆ ಜಗಲಿ ತಿಣ್ಣೆ ಮೇಲೆ ಕೂರಿಸಿ ನೀರು ಕೊಟ್ಟೆ. ನಮ್ಮಲ್ಲಿ ಒಂಟಿಯಾಗಿ ಬಂದ ಮಗಳನ್ನ ಹೊಸಲು ದಾಟಿಸಿದ್ರೆ ಗಂಡನ ಮನೆ ಬಾಗಿಲು ಅವಳಿಗೆ ಮುಚ್ಚಿತು ಅಂತಲೇ ಲೆಕ್ಕ. ನಿನಗೂ ಗೊತ್ತು.

ಅದಕ್ಕೆ ಒಂದು ಉಪಾಯ ಮಾಡ್ದೆ. ಮಡಿಲಿಗೆ ಅಕ್ಕಿ ಬೆಲ್ಲ ಅರಿಸಿನದ ಕೊಂಬು ತುಂಬ್ದೆ. ನಾನೇ ಕರೆಸಿದ್ದೆ ಅಂತ ಕಾಣಲಿ ಅಂತ. ನಾನೇ ಬಸ್ಸಲ್ಲಿ ಕರ್ಕೊಂಡು ಹೋಗಿ ಬಿಟ್ಟು ಬಂದೆ. ನಿಮ್ಮ ಅತ್ತೆ ಮಡಿಲಕ್ಕಿ ನೋಡಿ ಸುಮ್ಮನಾದ್ಲು. ಮಾನ ಉಳೀತು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ನಿಮ್ಮಪ್ಪನೂ ಹೊಡೀತಿದ್ದ, ನಾನು ಬದುಕಿಲ್ವಾ.

ಬಸ್ಸಲ್ಲಿ ಪೂರಾ ಅವಳು ಆ ಮಡಿಲಕ್ಕಿ ಹಿಡ್ಕೊಂಡು ಕೂತಿದ್ಲು. ಇಳಿಯೋವಾಗ "ಹಸಿವಾಗ್ತದೆ ಅವ್ವ" ಅಂದ್ಲು. ಅಲ್ಲಿ ಉಣ್ತೀಯಲ್ಲ ಅಂದೆ.

ಅವ್ವ


ಬೆಟ್ಟದಡಿ
9–8–1964

ಅವ್ವಾ,

ನಿನ್ನ ಕಾಗದ ಓದಿ ಎರಡು ಸಲ ಎಸೆದೆ, ಎರಡು ಸಲ ಎತ್ತಿಕೊಂಡೆ. ಮಾನ ಉಳಿಯಿತು ಅಂತೀಯಲ್ಲ, ಯಾರದು? ಹಸಿದು ಬಂದ ಮಗಳಿಗೆ ಹಿಡಿ ಅನ್ನ ಇಕ್ಕದೆ ಅಕ್ಕಿಯನ್ನು ಮಡಿಲಿಗೆ ಕಟ್ಟಿ ಕಳಿಸಿದೆಯಾ? ಅವಳ ಮಣಿಕಟ್ಟು ನೋಡಿದೆಯಾ? ನಾನು ನಿನಗೆ ಎರಡು ಕಾರ್ಡು ಹಾಕಿದ್ದೆ, ಆಡಿಗೆ ಹೋಗಿ ಕರೆ ಅಂತ. ನೀನು ಯಾಕೆ ಹೋಗಲಿಲ್ಲ ಅಂತ ನನಗೆ ಗೊತ್ತು. ಅಪ್ಪ ಸತ್ತ ಮೇಲೆ ನಮ್ಮ ಗದ್ದೆ ಉಳುವವರು ಅತ್ತೆಯ ಮನೆಯವರು. ಅವರ ಮುಖ ಕೆಡಬಾರದು ನಿನಗೆ.

ಇಲ್ಲಿ ನಡೆದದ್ದನ್ನು ಕೇಳು. ಇಲ್ಲಿಯ ಒಬ್ಬ ಹುಡುಗಿ ತೋಟದ ಕಾವಲುಗಾರನ ಜೊತೆ ಇದ್ದಳು, ಬಯಲಿನವನು. ಹೊಡೆದ. ಅವಳು ತಮ್ಮ ಪದ್ಧತಿಯಂತೆ ಎದ್ದು ಬಂದು ಪಳನಿಯಮ್ಮಾಳ್ ಅಜ್ಜಿಯ ಒಲೆಯ ಮುಂದೆ ಕೂತಳು. ಅವನು ಹಿಂದೆಯೇ ಬಂದು ಕೂದಲು ಹಿಡಿದು ಎಳೆದುಕೊಂಡು ಹೋದ. ಪಳಿಯರು ಜಗಳ ಕಂಡರೆ ಕಾಡಿಗೆ ಸರಿಯುವ ಜನ, ಯಾರೂ ಅಡ್ಡ ನಿಲ್ಲಲಿಲ್ಲ. ನಾನು ಊರಿನ ನಾಲ್ಕು ಜನರನ್ನು ಸೇರಿಸಿ ಹೋಗಿ ಬಿಡಿಸಿಕೊಂಡು ಬಂದೆ. ಆ ಶನಿವಾರ ಪಾಠ ಬದಲಾಯಿಸಿದೆ. ಒಲೆಯನ್ನು ಬಯಲಿನ ಗಂಡಸು ಲೆಕ್ಕಕ್ಕೆ ಇಡುವುದಿಲ್ಲ, ಹೆಂಡತಿ ಎದ್ದು ಹೋದರೆ ತನ್ನ ದನ ಕಳವಾಯಿತು ಅಂತ ತಿಳಿಯುತ್ತಾನೆ, ಹುಡುಕಿಕೊಂಡು ಬಂದೇ ಬರುತ್ತಾನೆ ಅಂತ ಹೇಳಿದೆ. ಕೂತಿರಬೇಡಿ. ಅವನು ಬರುವ ಸದ್ದಾದರೆ ನಿಮ್ಮವರ ಜೊತೆ ಕಾಡಿಗೆ ಓಡಿ. ಇಲ್ಲವೇ ನನ್ನ ಕೋಣೆಗೆ ಬನ್ನಿ, ಅಗುಳಿ ಹಾಕಿಕೊಳ್ಳೋಣ. ಹುಡುಗಿಯರು ಈ ಸಲ ನಗಲಿಲ್ಲ.

ನಮ್ಮ ಮನೆಯ ಹುಡುಗಿಗೆ ಯಾವ ಪಾಠ ಹೇಳಲಿ? ನೀನೇ ಹೇಳು.

ಜೆಯಲಕ್ಷ್ಮಿ


ಬೆಟ್ಟದಡಿ
23–8–1964

ನನ್ನ ಬಂಗಾರ ನಾಗೂ,

ಅವ್ವ ಎಲ್ಲ ಬರೆದಳು. ನಾನು ಅವಳ ಜೊತೆ ಜಗಳವಾಡಿದ್ದೇನೆ. ನನ್ನ ಒಲೆ ಚಿಕ್ಕದು, ಮೂರು ಕಲ್ಲು, ಆದರೆ ಪಕ್ಕದಲ್ಲಿ ಇಬ್ಬರಲ್ಲ, ನಾಲ್ವರು ಕೂರಬಹುದು.

ಈಗಲೇ ಬಾ ಅನ್ನಲು ಆಗುತ್ತಿಲ್ಲ ಕಣೇ. ಸೆಪ್ಟೆಂಬರ್ ಪೂರ್ತಿ ದಿಂಡಿಗಲ್ಲಿನಲ್ಲಿ ತರಬೇತಿ ಅಂತ ಆರ್ಡರು ಬಂದಿದೆ. ಹೋಗದಿದ್ದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಈ ಕೋಣೆಯೂ ಇಲ್ಲ, ನಿನ್ನನ್ನು ಎಲ್ಲಿ ಇಟ್ಟುಕೊಳ್ಳಲಿ? ಅಕ್ಟೋಬರ್ ಮೊದಲ ವಾರ ನಾನೇ ಕಂಬಂಗೆ ಬರುತ್ತೇನೆ. ಅತ್ತೆಯ ಮುಂದೆ ಕೂತು ಮಾತಾಡುತ್ತೇನೆ, ಒಪ್ಪದಿದ್ದರೆ ನಿನ್ನ ಕೈ ಹಿಡಿದು ಹೊರಡುತ್ತೇನೆ. ಒಂದು ತಿಂಗಳು ತಾಳಿಕೋ. ನನಗಾಗಿ ತಾಳಿಕೋ.

ಅಕ್ಕ


ಚಿನ್ನಮನೂರು
24–9–1964

ಲಕ್ಷ್ಮೀ,

ತಂತಿ ನಿನ್ನ ಕೈ ಸೇರಿತೋ ಇಲ್ವೋ. ನೀ ಬರೋದು ಕಾಯೋಕೆ ಆಗಲಿಲ್ಲ, ಮೈ ನೀರಲ್ಲಿ ನೆನೆದಿತ್ತು. ನಿನ್ನೆ ಸಂಜೆಗೆ ಎಲ್ಲಾ ಮುಗೀತು. ನಾಗು ನೀರು ಸೇದೋಕೆ ಹೋಗಿ ಕಾಲು ಜಾರಿ ಬಾವಿಗೆ ಬಿದ್ಲು ಅಂತಾರೆ. ಕಟ್ಟೆ ಪಾಚಿ ಕಟ್ಟಿತ್ತಂತೆ. ಪೊಲೀಸ್ನೋರು ಬಂದು ಕೇಳಿದ್ರು. ಅತ್ತೆ ನನ್ನ ಮುಖ ನೋಡ್ತಾ ನಿಂತಿದ್ಲು. ಹೌದು ಸಾಮಿ, ಕಾಲು ಜಾರ್ತು ಅಂದೆ.

ಬಾ ಮಗಳೇ. ನನಗೆ ಒಬ್ಬಳಿಗೇ ಇರೋಕೆ ಆಗ್ತಿಲ್ಲ.

ಅವ್ವ


ಬೆಟ್ಟದಡಿ
18–10–1964

ಅವ್ವಾ,

ಮನೆಯಲ್ಲಿದ್ದ ಅಷ್ಟು ದಿನವೂ ನಿನ್ನ ಜೊತೆ ಮಾತಾಡಲಿಲ್ಲ. ಆಡಿದ್ದರೆ ಬಾಯಿಗೆ ಏನು ಬರುತ್ತಿತ್ತೋ. ಠಾಣೆಗೆ ಹೋಗಿ ಹೀಗಲ್ಲ ಅಂದೆ. "ಹೆತ್ತವಳೇ ಜಾರಿತು ಅಂತ ಹೇಳಿದ್ದಾಳೆ, ನೀನು ಯಾರಮ್ಮ?" ಅಂದರು. ಎದ್ದು ಬಂದೆ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ನನಗೂ ಇಲ್ಲಿಗೆ ಬಂದ ಮೇಲೆಯೇ ಗೊತ್ತಾಯಿತು. ನಾನು ದಿಂಡಿಗಲ್ಲಿನಲ್ಲಿದ್ದಾಗ ನಾಗು ಇಲ್ಲಿಗೆ ಬಂದಿದ್ದಳು.

ಬೂರುಗದ ಮರ ಕೇಳಿಕೊಂಡು, ಬರಿಗೈಯಲ್ಲಿ. ನನ್ನ ಕೋಣೆಗೆ ಬೀಗ. ಪಳನಿಯಮ್ಮಾಳ್ ಅಜ್ಜಿ, "ಟೀಚರಮ್ಮ ಇಲ್ಲ ತಾಯಿ" ಅಂದಿದ್ದಕ್ಕೆ, "ಗೊತ್ತು. ನಿಮ್ಮ ಒಲೆಗೆ ಬಂದೆ" ಅಂದಳಂತೆ. ಅಜ್ಜಿ ಬೇರೇನೂ ಕೇಳಲಿಲ್ಲ, ಒಳಗೆ ಕರೆದಳು. ನಾಗು ಅಲ್ಲಿ ರಾತ್ರಿ ಕಳೆದಳು. ಮಾರನೆಯ ಮಧ್ಯಾಹ್ನ ಅಳಗರ್ ಇನ್ನಿಬ್ಬರನ್ನು ಕಟ್ಟಿಕೊಂಡು ಬಂದ. ಗೂಡಲೂರಲ್ಲಿ ಇಳಿದಳು ಅಂತ ಬಸ್ಸಿನವರು ಹೇಳಿದ್ದರಂತೆ. ಕೂಗಾಟ ಕೇಳಿದ ಕೂಡಲೇ ಗುಡಿಸಲಿನವರೆಲ್ಲ ಕಾಡಿಗೆ ಸರಿದರು. ಅದು ಅವರ ಪದ್ಧತಿ, ಅವರನ್ನು ನಾನು ದೂರುವುದಿಲ್ಲ. ಪೊನ್ನುತಾಯಿ ಒಬ್ಬಳೇ ಅರ್ಧ ದಾರಿಯಿಂದ ಓಡಿ ಬಂದು ನಾಗುವಿನ ಕೈ ಹಿಡಿದು ಎಳೆದಳಂತೆ. "ಬಾ ಅಕ್ಕಾ, ಏಳು, ಟೀಚರಮ್ಮ ಕೂತಿರಬೇಡಿ ಅಂದವ್ರೆ." ನಾಗು ಏಳಲಿಲ್ಲ. "ನಾನು ಒಲೆ ಮುಂದೆ ಕೂತಿದೀನಲ್ಲ, ಯಾರೂ ಮುಟ್ಟಲ್ಲ. ನಮ್ಮಕ್ಕ ಬರೆದವ್ಳೆ" ಅಂದಳಂತೆ. ಅವಳನ್ನು ಅಲ್ಲಿಂದಲೇ ಎಳೆದುಕೊಂಡು ಹೋದರು, ಆಮೇಲೆ ಬಾವಿ.

ನಾನೇ ಬರೆದಿದ್ದೆ, ಅವ್ವಾ. ನಗಿಸಲು ಬರೆದಿದ್ದೆ. ಆಮೇಲೆ ಕಲಿತದ್ದನ್ನು ಹುಡುಗಿಯರಿಗೆಲ್ಲ ಹೇಳಿದೆ, ನಿನಗೂ ಬರೆದೆ. ಅವಳಿಗೆ ತಾಳಿಕೋ ಅಂತ ಬರೆದೆ. ಅವಳು ಪಳಿಯರ ಹುಡುಗಿಯಲ್ಲವಲ್ಲ, ಅವಳಿಗೆ ಈ ಪಾಠ ಯಾಕೆ ಅಂದುಕೊಂಡೆನೋ ಏನೋ. ತೋಟದ ಮೇಸ್ತ್ರಿಗೆ ಹೆದರಿದ್ದೆ, ಅತ್ತೆ ಮಗನಿಗೆ ಹೆದರಲಿಲ್ಲ. ಎದೆ ಒಡೆದು ಹೋಗುತ್ತದೆ ಅವ್ವಾ, ಎಲ್ಲಿ ಕೂರಲಿ, ಎಲ್ಲಿ ಏಳಲಿ ತಿಳಿಯುತ್ತಿಲ್ಲ.

ನಿನ್ನೆ ಶನಿವಾರ. ಹುಣಸೆ ಮರದಡಿ ಕೂತೆ, ಪಾಠ ಬಾಯಿಗೆ ಬರಲಿಲ್ಲ. ನಾಗುವಿನ ವಿಷಯ ಹೇಳಿದೆ. ಚಿಕ್ಕ ಹುಡುಗಿಯೊಬ್ಬಳು ಕೇಳಿದಳು: "ಮೊದಲು ಹೊಡೆದಾಗಲೇ ಎದ್ದು ಹೋಗಬೇಕಿತ್ತಲ್ಲ?" ಹೋಗಿದ್ದಳು ಅಂದೆ, ಅವ್ವನ ಮನೆಗೆ. "ಮತ್ತೆ, ಅವ್ವ ಒಲೆ ಹತ್ರ ಕೂರಿಸ್ಕೊಳ್ಳಲಿಲ್ವಾ?" ಅಂದಳು. ಅವಳಿಗೆ ನಿಜವಾಗಿ ಅರ್ಥವಾಗಲಿಲ್ಲ. ಉತ್ತರ ನೀನೇ ಬರಿ, ಓದಿ ಹೇಳುತ್ತೇನೆ.

ಜೆಯಲಕ್ಷ್ಮಿ


ಚಿನ್ನಮನೂರು
2–11–1964

ಲಕ್ಷ್ಮೀ,

ಆ ಕೂಸಿಗೆ ಹೇಳು, ಕೂರಿಸ್ಕೊಳ್ಳಲಿಲ್ಲ ಅಂತ.

ಬುಧವಾರ ಠಾಣೆಗೆ ಹೋಗಿ ಹೇಳ್ಬುಟ್ಟೆ. ಅವತ್ತು ಸುಳ್ಳು ಹೇಳ್ದೆ ಸಾಮಿ, ನನ್ನ ಮಗಳು ನೀರು ಸೇದುತ್ತಾ ಬೆಳೆದವಳು, ಬಾವಿ ಕಟ್ಟೇಲಿ ಜಾರೋ ಹುಡುಗಿ ಅಲ್ಲ ಅಂದೆ. ಈಗ ಹೇಳಿದ್ರೆ ಆಗಲ್ಲ ಅಜ್ಜಿ ಅಂದ್ರು. ನಿಮ್ಮ ಅತ್ತೆಗೆ ಸುದ್ದಿ ಮುಟ್ಟಿದೆ, ಗದ್ದೆಗೆ ನೇಗಿಲು ಬರಲ್ಲವಂತೆ. ಬೀಳು ಬೀಳಲಿ.

ನಿನ್ನ ಕಾಗದ ದಿನಾ ಓದ್ತಿವ್ನಿ. ಅದರಲ್ಲಿ ಒಂದು ಬರೆದಿಲ್ಲ ನೀನು. ಇಲ್ಲಿ ತಿಣ್ಣೆ ಮೇಲೆ ಅವಳು ಬರೀ ನೀರು ಕುಡಿದ್ಲು. ಹಸಿವು ಅಂದ್ಲು, ನಾ ಕೊಡಲಿಲ್ಲ. ಆ ಅಜ್ಜಿ ಅವತ್ತು ಏನು ಕೊಟ್ಲು? ಉಂಡ್ಲಾ ನಾಗು? ಅದೊಂದು ಕೇಳಿ ಬರಿ. ಬೇರೆ ಏನೂ ಬರೀಬೇಡ.

ಅವ್ವ


ಬೆಟ್ಟದಡಿ
9–11–1964

ಅವ್ವಾ,

ಉಂಡಳು. ಅಜ್ಜಿ ಕಾಡುಗೆಣಸು ಸುಟ್ಟು, ಸಿಪ್ಪೆ ಸುಲಿದು, ಮೇಲೆ ಜೇನು ಹಾಕಿ ಕೊಟ್ಟಳಂತೆ. ನಾಗು ಇನ್ನೊಂದು ಸಲ ಕೇಳಿ ಹಾಕಿಸಿಕೊಂಡಳಂತೆ. ಬೆರಳು ನೆಕ್ಕುತ್ತಾ, "ನಮ್ಮವ್ವನಿಗೆ ಜೇನು ಅಂದ್ರೆ ಪ್ರಾಣ" ಅಂದಳಂತೆ. ಆಮೇಲೆ ಒಲೆಯ ಪಕ್ಕದಲ್ಲೇ ಸೆರಗು ಹೊದ್ದು ಮಲಗಿದಳು. ಬೆಳಗಾಗಿ ಬಿಸಿಲೇರುವ ತನಕ ಎಚ್ಚರವಾಗಲಿಲ್ಲ. ಅಜ್ಜಿ ಎಬ್ಬಿಸಲಿಲ್ಲ.

ಜೆಯಲಕ್ಷ್ಮಿ